ಶಾಂತಿ ಮಾತುಕತೆಗೆ ಯೂನಿಯನ್‌ನವರನ್ನೂ ಕರೀರಿ

ಉಕ್ರೇನ್ ಯುದ್ಧ ನಿಲ್ಲಿಸುವ ಮಾತುಕತೆಯಲ್ಲಿ ಅಲ್ಲಿನ ಕಾರ್ಮಿಕ ಸಂಘಗಳಿಗೂ ಜಾಗ ಇರಬೇಕು ಅಂತ ಮೊನ್ನೆ ಹೇಳಿದೆ. ಮೂಡಿಗೆರೆಯ ಗೆಳೆಯರೊಬ್ಬರು ನಕ್ಕುಬಿಟ್ಟರು. "ಬೋನಸ್ ಕೇಳೋರಿಗೆ ಗಡಿ ವಿಷಯ ಯಾಕ್ರೀ?" ಅಂದರು. ಅವರು ಕಾಫಿ ಬೆಳೆಗಾರರು, ಒಳ್ಳೆಯವರು. 2022ರಲ್ಲಿ ರಷ್ಯಾ, ಬೆಲಾರಸ್ ಕಡೆಯ ಪೊಟ್ಯಾಷ್ ಸಿಗುವುದು ಕಷ್ಟವಾಗಿ ಗೊಬ್ಬರ ತುಟ್ಟಿಯಾಯಿತಲ್ಲ, ಆಗ ಯುದ್ಧ ನಮ್ಮ ತೋಟಕ್ಕೇ ಬಂತು ಅಂತ ಗೋಳಾಡಿದವರೂ ಇವರೇ. ಬೆಳೆಗಾರರಿಗೆ ತಟ್ಟಿದ ಬಿಸಿ ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರಿಗೆ ತಟ್ಟಲ್ವಾ?

ನಾನು ಹೇಳಿದ್ದು ಹೊಸದೇನಲ್ಲ. ಮೊದಲನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. 1916ರಲ್ಲಿ ಮಿತ್ರರಾಷ್ಟ್ರಗಳ ಕಾರ್ಮಿಕ ಮುಖಂಡರು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸೇರಿ, ಶಾಂತಿ ಒಪ್ಪಂದದಲ್ಲಿ ದುಡಿಯುವವರ ಹಕ್ಕೂ ಬರೆದಿರಬೇಕು ಅಂದರು. 1919ರಲ್ಲಿ ಪ್ಯಾರಿಸ್‌ನ ಶಾಂತಿ ಸಮ್ಮೇಳನದಲ್ಲಿ ಅದಕ್ಕೇ ಒಂದು ಆಯೋಗ ಮಾಡಿದರು. ಅಧ್ಯಕ್ಷ ಯಾರು ಗೊತ್ತಾ? ಸ್ಯಾಮ್ಯುಯೆಲ್ ಗಾಂಪರ್ಸ್. ಅಮೆರಿಕದ ಯೂನಿಯನ್ ನಾಯಕ, ಒಂದು ಕಾಲಕ್ಕೆ ಸಿಗಾರ್ ಸುತ್ತುತ್ತಿದ್ದ ಆಸಾಮಿ. ಹೀಗೆ ಆ ಯುದ್ಧದ ಶಾಂತಿ ಒಪ್ಪಂದವಾದ ವರ್ಸೇಲ್ಸ್ ಒಪ್ಪಂದದ 13ನೇ ಭಾಗವಾಗಿ ಐಎಲ್‌ಒ, ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಮಾತಾಡುವ ಪದ್ಧತಿ ಅಲ್ಲಿ ಗಟ್ಟಿಯಾಯಿತು. ಇವತ್ತು ತೋಟದ ಕೂಲಿ ಮಾತುಕತೆಗೆ ಬೆಳೆಗಾರರ ಸಂಘ, ಯೂನಿಯನ್, ಕಾರ್ಮಿಕ ಇಲಾಖೆ ಒಟ್ಟಿಗೆ ಕೂರುತ್ತವಲ್ಲ, ಅದಕ್ಕೂ ಆ ಶಾಂತಿ ಒಪ್ಪಂದಕ್ಕೂ ನಂಟಿದೆ. ನಮ್ಮ ಗೆಳೆಯರು ಅಂಥ ಸಭೆಗೆ ಹೋಗಿ ಬಂದವರೇ!

ಹಾಗಂತ ಕುರ್ಚಿ ಸಿಕ್ಕ ತಕ್ಷಣ ಎಲ್ಲ ಸರಿಹೋಗಲಿಲ್ಲ. 1919ರಲ್ಲೇ ವಾಷಿಂಗ್ಟನ್‌ನಲ್ಲಿ ಐಎಲ್‌ಒ ಮೊದಲ ಸಮ್ಮೇಳನ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ತೀರ್ಮಾನವಾಯಿತು. ಬ್ರಿಟಿಷ್ ಇಂಡಿಯಾದವರಿಗೆ ವಾರಕ್ಕೆ 60 ಗಂಟೆ! ನಮ್ಮ ಕಾರ್ಮಿಕರ ಪರವಾಗಿ ಹೋಗಿದ್ದವರು ಎನ್.ಎಂ. ಜೋಶಿ. ಅವರ ಬಗ್ಗೆ ನನಗೆ ತಕರಾರಿಲ್ಲ, ದೊಡ್ಡ ಮನುಷ್ಯರು. ಆದರೆ ಅವರನ್ನು ಆರಿಸಿದ್ದು ಸರ್ಕಾರ. ನಮ್ಮವರನ್ನು ನಾವೇ ಕಳಿಸಬೇಕು ಅನ್ನುವ ಹಟವೂ 1920ರಲ್ಲಿ ಬಾಂಬೆಯಲ್ಲಿ ಯೂನಿಯನ್‌ಗಳ ಅಖಿಲ ಭಾರತ ಒಕ್ಕೂಟ ಎಐಟಿಯುಸಿ ಹುಟ್ಟಲು ಒಂದು ಕಾರಣ.

ಎರಡನೇ ಯುದ್ಧದ ಕೊನೆಯಲ್ಲಿ ಇಷ್ಟೂ ಆಗಲಿಲ್ಲ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಮೂವರೂ ಲೋಕದ ಹಣೆಬರಹ ಬರೆಯುತ್ತಿದ್ದಾಗ ಲಂಡನ್ನಿನಲ್ಲಿ ನಾನಾ ದೇಶಗಳ ಯೂನಿಯನ್‌ಗಳು ಸಭೆ ಸೇರಿದ್ದವು. ವಿಶ್ವಸಂಸ್ಥೆ ಕಟ್ಟುವಾಗ ನಮಗೂ ಜಾಗ ಕೊಡಿ ಅಂತ ಕೇಳಿದವು. ಸಿಗಲಿಲ್ಲ. ಆಮೇಲೆ ಸಲಹೆ ಕೊಡುವ ಸ್ಥಾನ ಸಿಕ್ಕಿತು, ಅಷ್ಟೇ.

ಇವೆಲ್ಲ ದೂರದ ಕಥೆ ಅನ್ನುವವರು ಶಿರಾಡಿ ಘಾಟಿ ಇಳಿದು ಸುಳ್ಯದ ರಬ್ಬರ್ ತೋಟಗಳ ಕಡೆ ಹೋಗಿ ಬನ್ನಿ. ಅಲ್ಲಿನ ಎಷ್ಟೋ ತಮಿಳು ಕುಟುಂಬಗಳ ಹಿರಿಯರು ಸಿಲೋನಿನ (ಈಗಿನ ಶ್ರೀಲಂಕಾ) ಟೀ ತೋಟಗಳಲ್ಲಿ ದುಡಿದವರು. ಇವರು ಯಾವ ದೇಶದ ಪ್ರಜೆಗಳು ಅಂತ ತೀರ್ಮಾನಿಸಲು 1964ರಲ್ಲಿ ಎರಡೂ ದೇಶದ ಪ್ರಧಾನಿಗಳಾದ ಲಾಲ್ ಬಹದ್ದೂರ್ ಶಾಸ್ತ್ರಿ, ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ. 5,25,000 ಮಂದಿ ಭಾರತಕ್ಕೆ, 3 ಲಕ್ಷ ಸಿಲೋನಿಗೆ, ಮಿಕ್ಕ ಒಂದೂವರೆ ಲಕ್ಷದ್ದು ಆಮೇಲೆ ನೋಡೋಣ. ಅಣ್ಣತಮ್ಮಂದಿರು ಪಾಲಾಗುವಾಗ ಕೊಟ್ಟಿಗೆಯ ದನ ಹಂಚಿಕೊಂಡ ಹಾಗೆ. ಅದು ಯುದ್ಧದ ಒಪ್ಪಂದವಲ್ಲ, ನಿಜ. ಎರಡು ಸರ್ಕಾರಗಳು ಸ್ನೇಹದಿಂದಲೇ ಮಾಡಿಕೊಂಡದ್ದು. ಸ್ನೇಹದಲ್ಲೇ ಹೀಗಾದರೆ ಯುದ್ಧ ಮುಗಿದಾಗ ಹೇಗಿರುತ್ತದೆ ನೋಡಿ. ಆ ತೋಟಗಳಲ್ಲಿ ಯೂನಿಯನ್ ಇರಲಿಲ್ಲವಾ? ಇತ್ತು. ಅಲ್ಲಿನ ಕಾರ್ಮಿಕ ನಾಯಕ ತೊಂಡಮಾನ್ ಅವರ ಸಿಲೋನ್ ವರ್ಕರ್ಸ್ ಕಾಂಗ್ರೆಸ್ ಸಣ್ಣ ಸಂಘವೇನಲ್ಲ. ಆದರೂ ಸಹಿ ಮಾಡಿದ್ದು ಎರಡು ಸರ್ಕಾರಗಳು, ಗಂಟುಮೂಟೆ ಕಟ್ಟಿದ್ದು ಕೂಲಿಯವರು.

ಈಗ ಉಕ್ರೇನ್. ಆ ದೇಶವನ್ನು ಮತ್ತೆ ಕಟ್ಟುವ ಬಗ್ಗೆ 2022ರಿಂದ ಲುಗಾನೊ, ಲಂಡನ್, ಬರ್ಲಿನ್, ರೋಮ್ ಅಂತ ವರ್ಷಕ್ಕೊಂದು ಸಮ್ಮೇಳನ ನಡೆದಿದೆ. ಸಾಲ, ಬಂಡವಾಳ, ಗುತ್ತಿಗೆ ಮಾತು ಜಾಸ್ತಿ. ಅತ್ತ 2022ರಲ್ಲೇ ಅಲ್ಲಿ ಒಂದು ಕಾನೂನು ಬಂತು. 250ರವರೆಗೆ ಕೆಲಸಗಾರರಿರುವ ಕಂಪನಿಗಳಲ್ಲಿ ಸಂಬಳ, ರಜೆ, ಕೆಲಸದ ಸಮಯವನ್ನು ಮಾಲೀಕ ಒಬ್ಬೊಬ್ಬರ ಜೊತೆ ಬೇರೆ ಬೇರೆ ಮಾತಾಡಿಕೊಳ್ಳಬಹುದು. ಯುದ್ಧಕಾಲಕ್ಕೆ ಮಾತ್ರ ಅಂದರು. ಯುದ್ಧ ಮುಗಿದ ಮೇಲೆ ಅದನ್ನು ತೆಗೀರಿ ಅಂತ ಕೇಳೋರು ಯಾರು? ಬಾಂಬ್ ಬಿದ್ದ ಕಡೆ ಮತ್ತೆ ಮತ್ತೆ ರೈಲು ಹಳಿ ಜೋಡಿಸಿದವರು ಕೇಳಬೇಕು. ಸುಮ್ನೆ ಹೊರಗೆ ಕೂರಿಸಿದರೆ ಎಲ್ಲಿ ಕೇಳ್ತಾರೆ?

ಯೂನಿಯನ್‌ನವರೇನು ದೇವರಲ್ಲ. 1914ರಲ್ಲಿ ಯುರೋಪಿನ ಬಹುಪಾಲು ಯೂನಿಯನ್‌ಗಳು ತಂತಮ್ಮ ಸರ್ಕಾರದ ಹಿಂದೆ ನಿಂತು ಯುದ್ಧಕ್ಕೆ ಜೈ ಅಂದಿದ್ದವು. ನಮ್ಮಲ್ಲೂ ನೋಡಿ. ಅಸ್ಸಾಂ, ಜಾರ್ಖಂಡ್‌ನಿಂದ ಬಂದು ನಮ್ಮ ತೋಟಗಳಲ್ಲಿ ಹಣ್ಣು ಕೊಯ್ಯುವವರು ಎಷ್ಟು ಜನ ಯೂನಿಯನ್ ಪುಸ್ತಕದಲ್ಲಿದ್ದಾರೆ? ಬಟವಾಡೆ ದಿನ ಮೇಸ್ತ್ರಿ ಕೊಟ್ಟಷ್ಟು ತಗೊಂಡು ಸಂತೆಗೆ ಹೋಗುತ್ತಾರೆ. ಮುಂದಿನ ಕೂಲಿ ಮಾತುಕತೆಗೆ ಅವರಲ್ಲೂ ಒಬ್ಬರನ್ನು ಕರೆದುಕೊಂಡು ಹೋಗಿ ಅಂತ ಪರಿಚಯದ ಯೂನಿಯನ್ ಮುಖಂಡರಿಗೆ ಹೇಳಿದೆ. "ಅವ್ರಿಗೆ ಕನ್ನಡ ಬರಲ್ಲ ಸಾರ್" ಅಂದರು. 1919ರಲ್ಲಿ ಪ್ಯಾರಿಸ್‌ಗೆ ಹೋದವರಿಗೆಲ್ಲ ಒಂದೇ ಭಾಷೆ ಬರ್ತಿತ್ತಾ?