ವೀಡಿಯೋ ಇದೆಯಲ್ಲೋ, ಇನ್ನೇನು ಬೇಕು?

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ವೀಡಿಯೋ ಹಾಕಿದರು. ಸೇತುವೆ ಮೇಲೆ ನೀರು ಉಕ್ಕಿ ಹರಿಯುತ್ತಿದೆ, ಕೆಳಗೆ ನಮ್ಮೂರಿನ ಹೆಸರು. ನೋಡಿದರೆ ಸೇತುವೆಯೇ ನಮ್ಮದಲ್ಲ! ಹೇಳಿದ್ದಕ್ಕೆ, "ವೀಡಿಯೋನೇ ಇದೆಯಲ್ಲೋ, ಇನ್ನೇನು ಬೇಕು?" ಅಂದರು.

ಆವತ್ತಿನಿಂದ ಆ ಪದ ತಲೆಯಲ್ಲೇ ಕೂತಿದೆ. ವೀಡಿಯೋ ಅನ್ನೋದು ಲ್ಯಾಟಿನ್ ಕ್ರಿಯಾಪದ, 'ವಿದೇರೆ' ಅದರ ಮೂಲ ರೂಪ. ಅರ್ಥ 'ನೋಡುತ್ತೇನೆ'. ನಮ್ಮ ಹಾಗೆ ಅವರಿಗೂ 'ನಾನು' ಅಂತ ಬೇರೆ ಹೇಳಬೇಕಿಲ್ಲ, ಅದು ಬಾಲದ 'ಓ'ದಲ್ಲೇ ಇದೆ. ಕ್ರಿ.ಪೂ. 47ರಲ್ಲಿ ಈಗಿನ ಟರ್ಕಿಯ ಜೇಲಾದಲ್ಲಿ ಗೆದ್ದ ರೋಮಿನ ಸೇನಾಪತಿ ಸೀಸರ್ ಇದೇ ಲ್ಯಾಟಿನ್‌ನಲ್ಲಿ 'ವೇನಿ, ವೀದಿ, ವೀಕಿ' ಅಂದನಂತೆ. ಬಂದೆ, ನೋಡಿದೆ, ಗೆದ್ದೆ. ಕನ್ನಡದಲ್ಲೂ ಮೂರೇ ಪದಕ್ಕೆ ಮುಗೀತು. ಇಂಗ್ಲಿಷಿಗೆ ಆರು ಬೇಕು! ಟೀವಿ ಹುಟ್ಟುತ್ತಿದ್ದ 1930ರ ದಶಕದಲ್ಲಿ ಇಂಗ್ಲಿಷಿನವರು 'ಆಡಿಯೋ'ಗೆ ಜೋಡಿಯಾಗಿ ಈ ಪದವನ್ನು ಎತ್ತಿಕೊಂಡರು. ಆಡಿಯೋ ಅಂದರೂ 'ಕೇಳಿಸಿಕೊಳ್ಳುತ್ತೇನೆ' ಅಂತಲೇ.

ಸಂಸ್ಕೃತ, ಲ್ಯಾಟಿನ್ ದಾಯಾದಿಗಳು. ವೇದ, ವಿದ್ಯೆಗಳ 'ವಿದ್' ಮತ್ತು ಈ ವಿದೇರೆ ಒಂದೇ ಬೇರಿನವು. ಅಲ್ಲಿ ನೋಡೋದು, ಇಲ್ಲಿ ತಿಳಿಯೋದು. ಚಿಕ್ಕಪ್ಪ ಇದನ್ನು ಕೇಳಿದರೆ "ನೋಡಿದ್ಯಾ, ನೋಡಿದ್ದೇ ಜ್ಞಾನ" ಅಂತಾರೆ, ಗ್ಯಾರಂಟಿ.

ಆದರೆ ಅದೇ ಕ್ರಿಯಾಪದಕ್ಕೆ ಇನ್ನೊಂದು ರೂಪ ಇದೆ, ವಿದೇತುರ್. ಅಕ್ಷರಶಃ 'ನೋಡಲ್ಪಡುತ್ತದೆ', ಬಳಕೆಯಲ್ಲಿ 'ಹಾಗೆ ಕಾಣುತ್ತದೆ'. ಕನ್ನಡದ 'ಕಾಣು' ದ್ರಾವಿಡ ಪದ, ಇದಕ್ಕೆ ನೆಂಟಸ್ತಿಕೆಯೇ ಇಲ್ಲ. ಆದರೂ ನಾವು ಮೋಡ ನೋಡಿ "ಮಳೆ ಬರೋ ಹಾಗೆ ಕಾಣುತ್ತೆ" ಅಂತೀವಲ್ಲ, ಥೇಟ್ ಅದೇ ದಾರಿ. ನನಗೆ ಭಾರೀ ಇಷ್ಟವಾದದ್ದು ರೋಮಿನ ಕೋರ್ಟಿನ ಪದ್ಧತಿ. ಪ್ರಮಾಣ ಮಾಡಿ ಕೂತ ನ್ಯಾಯಾಧೀಶರು ವಿಚಾರಣೆಯೆಲ್ಲ ಮುಗಿದ ಮೇಲೂ 'ಇವನು ಮಾಡಿದ್ದಾನೆ' ಅನ್ನುತ್ತಿರಲಿಲ್ಲ, 'ಮಾಡಿದ ಹಾಗೆ ಕಾಣುತ್ತದೆ' ಅನ್ನುತ್ತಿದ್ದರು. ಆ ಕಾಲದ ರೋಮಿನ ವಕೀಲ ಸಿಸೆರೋ ಇದನ್ನು ಬರೆದಿಟ್ಟಿದ್ದಾನೆ. ಅಷ್ಟು ಸಾಕ್ಷಿ ಕೇಳಿದವರೇ ಹಾಗಂದರೆ, ಮೂವತ್ತು ಸೆಕೆಂಡಿನ ತುಣುಕು ನೋಡಿ ನಾವು ಊರನ್ನೇ ಮುಳುಗಿಸಿಬಿಡ್ತೀವಿ. ಫಾರ್ವರ್ಡ್ ಬಟನ್ ಪಕ್ಕ 'ಹಾಗೆ ಕಾಣುತ್ತೆ' ಅಂತ ಇನ್ನೊಂದು ಬಟನ್ ಇದ್ದಿದ್ದರೆ ನಾನು ಅದನ್ನೇ ಒತ್ತುತ್ತಿದ್ದೆ.

ಸಂಜೆ ಹೊತ್ತಿಗೆ ಚಿಕ್ಕಪ್ಪ ಸುಮ್ನೆ ವೀಡಿಯೋ ಡಿಲೀಟ್ ಮಾಡಿದರು. ಬೆಳಗ್ಗೆ ಮೊಮ್ಮಗಳ ಫೋಟೋ ಬಂತು, ಕೆನ್ನೆಗೆ ದೊಡ್ಡ ದೃಷ್ಟಿಬೊಟ್ಟು. ಅದಕ್ಕೂ ಈ ಕ್ರಿಯಾಪದದಲ್ಲಿ ಜಾಗ ಇದೆ. 'ಇನ್ವಿದೇರೆ' ಅಂದರೆ ಕೆಟ್ಟ ಕಣ್ಣಿನಿಂದ ನೋಡೋದು, ಹೊಟ್ಟೆಕಿಚ್ಚು ಪಡೋದು. ಇಂಗ್ಲಿಷಿನ 'ಎನ್ವಿ' ಬಂದದ್ದು ಅಲ್ಲಿಂದಲೇ. ನಾನು ಒಂದು ಹಾರ್ಟ್ ಒತ್ತಿ ಸುಮ್ಮನಾದೆ.