ಬೆಲ್ ಹೊಡೆದ ಮೇಲೆ ಕೊಡುವ ಹೋಂವರ್ಕ್

ಮೊನ್ನೆ ಸಂಜೆ ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಮಳೆ ಅಂದರೆ ಅಂಥ ಮಳೆ, ಕೊಡೆ ಹಿಡಿದವರೂ ಒದ್ದೆ, ಹಿಡಿಯದವರೂ ಒದ್ದೆ. ಪಕ್ಕದಲ್ಲಿ ಒಬ್ಬರು ತಾಯಿ, ಕೆಲಸ ಬಿಟ್ಟು ನೇರ ಬಂದವರು, ಊಟದ ಬುತ್ತಿಯ ಚೀಲ ಇನ್ನೂ ಕೈಯಲ್ಲೇ ಇತ್ತು.

"ಅಣ್ಣಾ, ಆರನೇ ಕ್ಲಾಸಿನ ಜಲಚಕ್ರ ಉಂಟಾ?"

"ಉಂಟಕ್ಕ. ಕಲರಾ, ಬ್ಲ್ಯಾಕ್ ಅಂಡ್ ವೈಟಾ?"

"ಕಲರೇ ಕೊಡಿ ಮಾರಾಯ್ರೆ, ಮತ್ತೆ ಮಾರ್ಕ್ ಕಡಿಮೆ ಮಾಡಿದ್ರೆ ಅದೊಂದು ರಗಳೆ. ಒಂದು ಚಾರ್ಟ್ ಶೀಟ್, ಒಂದು ಗಮ್ ಸಹ ಕೊಡಿ."

ಅಂಗಡಿಯವ ಕಂಪ್ಯೂಟರ್ ಮುಟ್ಟಲೇ ಇಲ್ಲ. ಕೌಂಟರ್ ಅಡಿಯಿಂದ ಒಂದು ಕಟ್ಟು ತೆಗೆದ. ಜಲಚಕ್ರ, ಸೌರವ್ಯೂಹ, ಜೀರ್ಣಾಂಗ ವ್ಯೂಹ, ಸ್ವಾತಂತ್ರ್ಯ ಹೋರಾಟಗಾರರು, ಎಲ್ಲ ಸಾಲಾಗಿ ರೆಡಿ. ಯಾವ ತಿಂಗಳಿಗೆ ಯಾವುದು ಖರ್ಚಾಗುತ್ತದೆ ಅಂತ ಅವನಿಗೆ ಬಾಯಿಪಾಠ. ಇಡೀ ಊರಿನಲ್ಲಿ ವರ್ಷದ ಪಾಠ ಹಂಚಿಕೆ ಸರಿಯಾಗಿ ಮಾಡಿಟ್ಟುಕೊಂಡವ ಅವನೊಬ್ಬನೇ ಇರಬೇಕು. ಹೊರಗೆ ಜಲಚಕ್ರ ಮಾಡಿನಿಂದ ಧಾರೆಯಾಗಿ ಇಳಿಯುತ್ತಿತ್ತು, ಒಳಗೆ ಅದರ ಕಲರ್ ಪ್ರಿಂಟಿಗೆ ಆ ತಾಯಿ ಚಿಲ್ಲರೆ ಎಣಿಸುತ್ತಿದ್ದರು. ಮಗು ಎಲ್ಲಿ ಅಂತ ಕೇಳಿದೆ. "ಅವ ಮನೆಯಲ್ಲಿ ಹಿಂದಿ ಬರೀತಾ ಇದ್ದಾನೆ ಟೀಚರ್ರೇ. ಇದು ನಾನೇ ಅಂಟಿಸುದು" ಅಂದರು. ನಾನು ಟೀಚರ್ ಅಂತ ಅವರಿಗೆ ಹೇಗೆ ಗೊತ್ತಾಯಿತೋ! ನಮ್ಮ ಮುಖದಲ್ಲೇ ಬರೆದಿರುತ್ತದೆ ಕಾಣುತ್ತದೆ.

ಸಿಟ್ಟು ಬಂತು. ಆ ತಾಯಿಯ ಮೇಲೂ ಅಲ್ಲ, ಅಂಗಡಿಯವನ ಮೇಲೂ ಅಲ್ಲ, ನಮ್ಮದೇ ಟೀಚರ್ ಕುಲದ ಮೇಲೆ. ಯಾಕೆಂದರೆ ಈ ಹೋಂವರ್ಕ್ ಹೇಗೆ ಹುಟ್ಟುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಪಿರಿಯಡ್ ಮುಗಿದು ಬೆಲ್ ಹೊಡೆದಿರುತ್ತದೆ. ಡಸ್ಟರ್ ಕಂಕುಳಲ್ಲಿ, ಒಂದು ಕಾಲು ಬಾಗಿಲ ಹೊರಗೆ. ಆಗ ನೆನಪಾಗುತ್ತದೆ. "ಹಾಂ ಮಕ್ಕಳೇ, ನಾಳೆ ಎಲ್ಲರೂ ಜಲಚಕ್ರದ ಚಾರ್ಟ್ ಮಾಡಿ ತನ್ನಿ." ಐದು ಸೆಕೆಂಡಿನ ಮಾತು. ಅದರಿಂದ ಮೂವತ್ತೈದು ಮನೆಗಳ ಸಂಜೆ ಹಾಳು.

ಪಾಠ ಯೋಜನೆ ಬರೆಯುವಾಗ ಹೋಂವರ್ಕನ್ನು ಮೊದಲು ಬರೆಯಬೇಕು, ಪಾಠವನ್ನು ಆಮೇಲೆ. ನಾನು ಹೇಳುವುದು ಇಷ್ಟೇ. ವಾರದ ಆರು ದಿನವನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು, ಮಗು ಮನೆಯಲ್ಲಿ ಏನು ಮಾಡುತ್ತದೆ, ಅದನ್ನು ಮರುದಿನ ಯಾವ ಹೊತ್ತಿನಲ್ಲಿ ನಾನು ನೋಡುತ್ತೇನೆ, ಇವೆರಡನ್ನೂ ಬರೆದಿಡಬೇಕು. ನೋಡಲು ಹೊತ್ತಿಲ್ಲವೋ, ಕೊಡಬೇಡಿ. ಇದರಲ್ಲಿ ಅರ್ಥವಾಗದ್ದು ಏನಿದೆ ಅಂತ ನನಗೆ ಇವತ್ತಿನವರೆಗೂ ಅರ್ಥವಾಗಿಲ್ಲ.

ನಮ್ಮ ಪ್ಲಾನ್ ಬುಕ್ಕುಗಳನ್ನು ನೋಡಿದ್ದೀರಲ್ಲ? ತೊಡಗಿಸಿಕೊಳ್ಳುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಪಾಠದ ಐದು ಹಂತಕ್ಕೆ ಐದು ಕಾಲಂ, ಸ್ಕೇಲಿಟ್ಟು ಎಳೆದ ಗೆರೆ, ಹೆಡ್‌ಮಾಸ್ಟ್ರ ಸಹಿ, ಸೀಲು. ಈ ಐದು ಹಂತದ ಬಗ್ಗೆ ನನ್ನ ತಕರಾರಿಲ್ಲ, ಒಳ್ಳೆಯ ಕ್ರಮವೇ. ಆದರೆ ಬರೆಯುವವರು ಯಾರಿಗಾಗಿ ಬರೆಯುತ್ತಾರೆ? ಇನ್‌ಸ್ಪೆಕ್ಷನ್‌ಗೆ ಬರುವವರಿಗಾಗಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪಿಡಿಎಫ್ ಬರುತ್ತದೆ, ತಾರೀಕು ಬದಲಾಯಿಸಿ ಇಳಿಸುವುದು. ಯಾರೋ ಕಳಿಸಿದ ಒಂದು ಪ್ಲಾನ್‌ನಲ್ಲಿ ಮಕ್ಕಳನ್ನು ಹತ್ತಿರದ ಮೆಟ್ರೋ ಸ್ಟೇಷನ್‌ಗೆ ಕರೆದುಕೊಂಡು ಹೋಗಿ ವೇಗ ಅಳೆಯಿಸಬೇಕು ಅಂತ ಇತ್ತು. ಉಡುಪಿಯಲ್ಲಿ! ನಮ್ಮಲ್ಲಿ ವೇಗ ಅಳೆಯುವುದಿದ್ದರೆ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಸಾಕು, ಅದೂ ದೂರ ನಿಂತು. ಮತ್ತೆ ಈ ಪಿಡಿಎಫ್‌ಗಳಲ್ಲಿ "ಗೃಹಪಾಠ" ಅಂತ ಕೊನೆಗೊಂದು ಸಣ್ಣ ಕೋಣೆ ಇರುತ್ತದೆ. ಅದರಲ್ಲಿ ಸದಾ ಒಂದೇ ಸಾಲು: "ಅಭ್ಯಾಸದ ಪ್ರಶ್ನೆಗಳಿಗೆ ಉತ್ತರಿಸಿ." ಎಲ್ಲಾ ಪ್ರಶ್ನೆಗಳಿಗೂ? ಒಂದೇ ರಾತ್ರಿಯಲ್ಲಾ? ಅದನ್ನು ಯಾರೂ ಕೇಳುವುದಿಲ್ಲ.

ಇದು ನನ್ನ ಸ್ವಂತ ಮೊಂಡುವಾದ ಅಂತ ತಿಳಿಯಬೇಡಿ. ಕೇಂದ್ರದ ಶಾಲಾ ಬ್ಯಾಗ್ ನೀತಿ 2020 ನೋಡಿ. ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಇಲ್ಲ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ಒಂದು ಗಂಟೆ ಅಂದರೆ ಎಲ್ಲಾ ವಿಷಯಗಳಿಗೂ ಸೇರಿ. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ, ಆರು ಆಯಿತು. ಪ್ರತಿಯೊಬ್ಬರೂ "ನಾನು ಬರೀ ಅರ್ಧ ಗಂಟೆಯದ್ದು ಕೊಟ್ಟದ್ದು" ಅನ್ನುತ್ತಾರೆ. ಅರ್ಧ ಗಂಟೆ ಗುಣಿಸು ಆರು. ಇಷ್ಟು ಲೆಕ್ಕ ನಮ್ಮ ಐದನೇ ಕ್ಲಾಸಿನ ಮಕ್ಕಳಿಗೆ ಬರುತ್ತದೆ, ಸ್ಟಾಫ್‌ರೂಮಿಗೆ ಬರುವುದಿಲ್ಲ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದೆ ಬನ್ನಿ ಅಂತ ಸಂಭ್ರಮ ಶನಿವಾರ ಮಾಡಿದರು, ಒಳ್ಳೆಯದು. ಅದಕ್ಕೂ ಚಾರ್ಟ್ ಮಾಡಿಕೊಂಡು ಬನ್ನಿ ಅನ್ನುವ ಮಹಾತ್ಮರು ನಮ್ಮಲ್ಲಿದ್ದಾರೆ.

ಇನ್ನು ತಿದ್ದುವ ಕಥೆ. ಮೂವತ್ತೈದು ಮಕ್ಕಳ ಮೂರು ಕ್ಲಾಸು, ನೂರೈದು ಪುಸ್ತಕ. ಒಂದಕ್ಕೆ ಎರಡೇ ನಿಮಿಷ ಅಂದರೂ ಮೂರೂವರೆ ಗಂಟೆ. ಯಾವ ಟೀಚರಿಗೆ ದಿನಾ ಅಷ್ಟು ಹೊತ್ತು ಉಂಟು? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಟೀಚರಿಗೆ ವಾರಕ್ಕೆ 45 ಗಂಟೆ ಕೆಲಸ ಅಂತ ಇದೆ, ಅದರಲ್ಲಿ ತಯಾರಿಯ ಹೊತ್ತೂ ಸೇರಿದೆ ಅಂತ ಸ್ಪಷ್ಟವಾಗಿ ಬರೆದಿದೆ. 2010ರಿಂದ ಜಾರಿಯಲ್ಲಿರುವ ಕಾನೂನು. ತಯಾರಿಯೂ ಕೆಲಸವೇ ಅಂತ ದೆಹಲಿಯವರಿಗೆ ಗೊತ್ತಾಗಿದೆ. ನಮ್ಮಲ್ಲಿ ಲೀಷರ್ ಪಿರಿಯಡಿನಲ್ಲಿ ಕೂತು ನಾಳಿನ ಪಾಠ ಯೋಚಿಸುತ್ತಿದ್ದರೆ "ಖಾಲಿ ಇದ್ದೀರಲ್ಲ ಟೀಚರ್, ಆ ಡಾಟಾ ಎಂಟ್ರಿ ಸ್ವಲ್ಪ ಮಾಡಿಬಿಡಿ" ಅನ್ನುತ್ತಾರೆ. ಯೋಚಿಸುವವಳು ಖಾಲಿ ಕೂತ ಹಾಗೆ ಕಾಣುತ್ತಾಳೆ, ಏನು ಮಾಡುವುದು.

ಹಾಗಾಗಿ ಪುಸ್ತಕದ ಮೇಲಿನ ಟಿಕ್ ಮಾರ್ಕು ಓದದೆ ಬೀಳುತ್ತದೆ. ಮಕ್ಕಳು ದಡ್ಡರಲ್ಲ. ಉತ್ತರದ ನಡುವೆ ಸಿನಿಮಾ ಹಾಡು ಬರೆದು, ಅದಕ್ಕೂ "ಗುಡ್" ಪಡೆದವರನ್ನು ನಾನು ಬಲ್ಲೆ. (ಆ ಹುಡುಗನ ಮೇಲೆ ನನಗೆ ಗುಪ್ತ ಅಭಿಮಾನ ಉಂಟು, ಅದನ್ನು ಅವನಿಗೆ ಹೇಳಿಲ್ಲ.)

ಸರಿ, ನೀವೇನು ಮಾಡುತ್ತೀರಿ ಅಂತ ಕೇಳುವವರಿದ್ದೀರಿ. ಹೇಳುತ್ತೇನೆ.

ಜುಲೈ ತಿಂಗಳು ಅಂದರೆ ನಮ್ಮ ಕರಾವಳಿಯಲ್ಲಿ ಡಿಸಿಯವರು ಯಾವಾಗ ರಜೆ ಕೊಡುತ್ತಾರೆ ಅಂತ ಮಕ್ಕಳು ಮಾತ್ರವಲ್ಲ, ನಾವೂ ಮೊಬೈಲ್ ನೋಡುತ್ತಾ ಕೂರುವ ತಿಂಗಳು. ಜುಲೈಗೆ ಆರು ದಿನದ ಗಟ್ಟಿ ಪ್ಲಾನ್ ಬರೆಯುವವರು ಘಟ್ಟದ ಮೇಲಿನವರೇ ಆಗಿರಬೇಕು. ಅದಕ್ಕೆ ಆ ವಾರದ ಹೋಂವರ್ಕ್ ರಜೆ ಬಂದರೂ ಕೆಡದಂಥದ್ದೇ ಬೇಕು. ಏಳನೇ ಕ್ಲಾಸಿನವರಿಗೆ ನಾನು ಕೊಟ್ಟದ್ದು ಇದು: ಬಾಯಿ, ಬುಡ ಎರಡೂ ಒಂದೇ ಅಗಲ ಇರುವ ಒಂದು ಡಬ್ಬಿ ಹುಡುಕಿ, ಅಂಗಳದಲ್ಲಿಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೀರು ಎಷ್ಟು ಮಿಲಿಮೀಟರ್ ಅಂತ ಬರೆದು, ಚೆಲ್ಲಿ, ಮತ್ತೆ ಇಡಿ. ಹವಾಮಾನ ಇಲಾಖೆಯವರೂ ಮಳೆಯ ಲೆಕ್ಕ ತೆಗೆಯುವುದು ಬೆಳಿಗ್ಗೆ 8.30ಕ್ಕೇ. ದಿನಕ್ಕೆ ಎರಡು ನಿಮಿಷದ ಕೆಲಸ. ಖರ್ಚು ಸೊನ್ನೆ. ಅಮ್ಮ ಅಂಟಿಸಬೇಕಾದ್ದು ಏನೂ ಇಲ್ಲ.

ಮಂಗಳವಾರ ಮೊದಲ ಐದು ನಿಮಿಷ ಎಲ್ಲರ ಸಂಖ್ಯೆಯನ್ನೂ ಬೋರ್ಡಿನ ಮೇಲೆ ಬರೆದೆ. ಒಂದೇ ಊರು, ಒಂದೇ ಮಳೆ, ಸಂಖ್ಯೆ ಮಾತ್ರ ದಿಕ್ಕಿಗೊಂದು. ಗಲಾಟೆ ಶುರು. ಒಬ್ಬಳು ತೆಂಗಿನ ಮರದಡಿ ಇಟ್ಟಿದ್ದಳು. ಒಬ್ಬ ಮಾಡಿನ ನೀರು ಬೀಳುವಲ್ಲೇ ಇಟ್ಟು ಇಡೀ ಕ್ಲಾಸಿಗೆ ಫಸ್ಟ್ ಬಂದಿದ್ದ. "ಅವನ ಡಬ್ಬಿ ದೊಡ್ಡದು ಟೀಚರ್, ಅದಕ್ಕೆ ಜಾಸ್ತಿ" ಅಂತ ಒಂದು ಪಕ್ಷ. ಅಗಲ ಡಬ್ಬಿಯಲ್ಲಿ ಎತ್ತರ ಹೆಚ್ಚಾಗಬೇಕಾ, ಬೇಡವಾ? ನಾನು ಬಾಯಿ ಬಿಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗಿ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದವರ ಮಗಳು, ಎದ್ದು ನಿಂತು "ದೊಡ್ಡ ಬಾಯಿಗೆ ಮಳಿ ಜಾಸ್ತಿ ಬೀಳತೈತ್ರಿ, ಆದ್ರ ಅಗಲಾಗಿ ಹರಡತೈತಲ್ರಿ" ಅಂದಳು. ಘನಫಲದ ಪಾಠ ಅಲ್ಲಿಗೆ ಅರ್ಧ ಮುಗಿಯಿತು ಅಂತಲೇ ಲೆಕ್ಕ.

ಬುಧವಾರ ರಜೆ ಬಂತು, ರೆಡ್ ಅಲರ್ಟ್. ಗುರುವಾರ ಬಂದು "ಡಬ್ಬಿ ತುಂಬಿ ಚೆಲ್ಲಿತ್ತು ಟೀಚರ್, ಎಷ್ಟು ಅಂತ ಬರೆಯುದು?" ಅಂತ ಕೇಳಿದರು. ಇಂಥ ಪ್ರಶ್ನೆಯನ್ನು ಯಾವ ಗೈಡ್‌ನಲ್ಲೂ ಕಾಣಲಿಕ್ಕಿಲ್ಲ. ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು, ಇಪ್ಪತ್ತು ಸೆಂಟಿಮೀಟರ್ ದಾಟಬಹುದು ಅಂತ ಎಚ್ಚರಿಕೆ. ಹತ್ತು ಸೆಂಟಿಮೀಟರಿನ ಡಬ್ಬಿ ಏನು ಮಾಡೀತು ಪಾಪ. "ಕಡಿಮೆ ಅಂದರೂ ಇಷ್ಟು" ಅಂತ ಬರೆಯಬಹುದು ಎಂದು ಅವರೇ ತೀರ್ಮಾನಿಸಿದರು. ಶುಕ್ರವಾರ ಸರಾಸರಿ, ಶನಿವಾರ ಬೆಳಿಗ್ಗೆ ಕ್ಲಾಸಿನಲ್ಲೇ ಸ್ತಂಭಾಲೇಖ. ನಾನು ಒಂದೇ ಒಂದು ಪುಸ್ತಕವನ್ನೂ ಮನೆಗೆ ಹೊತ್ತುಕೊಂಡು ಹೋಗಲಿಲ್ಲ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಅಂತ ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದ ಮಕ್ಕಳು, ಅಂದರೆ ನಾಲ್ಕು ಮೀಟರ್, ನಮ್ಮ ಕ್ಲಾಸಿನ ಮಾಡಿಗಿಂತ ಎತ್ತರ ಅಂತ ಮೇಲೆ ನೋಡಿ ಬಾಯಿ ತೆರೆದರು.

ಗಣಿತದ ಲೆಕ್ಕ ಕೊಡಲೇಬೇಕು, ಅದಕ್ಕೆ ಮಳೆ ಸಾಕಾಗುವುದಿಲ್ಲ. ಅಲ್ಲಿ ನನ್ನ ಕ್ರಮ ಬೇರೆ. ಭಾಗಾಕಾರ ಕಲಿಸಿದ ದಿನ ಹತ್ತು ಭಾಗಾಕಾರ ಕೊಡುವುದಿಲ್ಲ. ಇವತ್ತಿನದ್ದು ಎರಡು, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು. ಹತ್ತೂ ಒಂದೇ ಬಗೆಯದ್ದಾದರೆ ಮಗು ಲೆಕ್ಕವನ್ನು ಓದುವುದೇ ಇಲ್ಲ, ಮೇಲಿನದ್ದನ್ನು ಹೇಗೆ ಮಾಡಿತೋ ಕೆಳಗಿನದ್ದನ್ನೂ ಹಾಗೇ ಮಾಡುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಏಳನೇ ಕ್ಲಾಸಿನ 54 ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ಬೇರೆ ಬೇರೆ ಬಗೆಯ ಲೆಕ್ಕ ಕಲಸಿ ಅಭ್ಯಾಸ ಮಾಡಿದವರು ತಿಂಗಳ ನಂತರದ ಪರೀಕ್ಷೆಯಲ್ಲಿ ಶೇ. 61, ಒಂದೇ ಬಗೆಯದ್ದನ್ನು ಗುಡ್ಡೆ ಹಾಕಿ ಮಾಡಿದವರು ಶೇ. 38. ಹೆಚ್ಚು ಲೆಕ್ಕ ಕೊಟ್ಟದ್ದಲ್ಲ, ಜೋಡಿಸಿದ್ದು ಬೇರೆ. ಬೆಲ್ ಹೊಡೆದ ಮೇಲೆ ಬಾಗಿಲಲ್ಲಿ ನಿಂತು ಹೀಗೆ ಜೋಡಿಸಲು ಯಾರಿಂದಲೂ ಆಗುವುದಿಲ್ಲ, ಭಾನುವಾರ ಕೂತು ಆರಿಸಿದರೆ ಮಾತ್ರ ಆಗುತ್ತದೆ. ಮರುದಿನ ರೋಲ್ ನಂಬರ್ ಪ್ರಕಾರ ಏಳು ಮಕ್ಕಳ ಪುಸ್ತಕ ಮಾತ್ರ ನಾನು ಪೂರ್ತಿ ಓದುವುದು. ಉಳಿದವರು ಬೋರ್ಡ್ ನೋಡಿ ಪಕ್ಕದವರದ್ದು ತಿದ್ದುತ್ತಾರೆ. ಐದು ದಿನಕ್ಕೆ ಮೂವತ್ತೈದೂ ಮುಗಿಯುತ್ತದೆ. ಇಷ್ಟು ಕಡಿಮೆ ತಿದ್ದುವುದಾ ಅಂತ ಮೂಗು ಮುರಿಯುವವರು ಮುರಿಯಲಿ, ನಾನು ಓದಿಯೇ ಟಿಕ್ ಹಾಕುತ್ತೇನೆ.

ಈಗ ಪೇರೆಂಟ್ಸ್ ಮೀಟಿಂಗಿನ ಮಾತು ಬರುತ್ತದೆ, ಗೊತ್ತು. "ಟೀಚರ್ರೇ, ನಿಮ್ಮ ಶಾಲೆಯಲ್ಲಿ ಹೋಂವರ್ಕೇ ಕೊಡುದಿಲ್ವಾ? ಪಕ್ಕದ ಮನೆಯ ಹುಡುಗ ರಾತ್ರಿ ಹತ್ತರವರೆಗೆ ಬರೀತಾನೆ. ನಮ್ಮವ ಮೊಬೈಲ್ ಹಿಡಿದು ಕೂರ್ತಾನೆ." ಮೊಬೈಲಿನ ಚಿಂತೆ ನಿಜವೇ, ಒಪ್ಪುತ್ತೇನೆ. ಆದರೆ ಮಗುವಿನ ಕೈಯಿಂದ ಮೊಬೈಲ್ ಬಿಡಿಸಲು ಸಮಾಜ ವಿಜ್ಞಾನದ ಪ್ರಶ್ನೋತ್ತರವನ್ನು ಮೂರು ಸಲ ಬರೆಸಬೇಕಾ? ಹಾಗಾದರೆ ಹಿತ್ತಿಲಲ್ಲಿ ಬಿದ್ದ ತೆಂಗಿನಗರಿ ಎಳೆಸಿ, ಅಷ್ಟಾದರೂ ಮನೆಗೆ ಉಪಕಾರ.

ಒಂದು ಮಾತು ಹೇಳಿಬಿಡುತ್ತೇನೆ, ಇದು ಸಿಟ್ಟಿನದ್ದಲ್ಲ. ನನ್ನಮ್ಮ ಬೀಡಿ ಕಟ್ಟಿಯೇ ನನ್ನನ್ನು ಟಿಸಿಎಚ್, ಅಂದರೆ ಟೀಚರ್ ತರಬೇತಿ, ಓದಿಸಿದ್ದು, ನಿಮ್ಮಲ್ಲಿ ಸುಮಾರು ಜನರಿಗೆ ಗೊತ್ತು. ರಾತ್ರಿ ಅಮ್ಮ ಎಲೆ ಸುತ್ತಿ ನೂಲು ಹಾಕುತ್ತಿದ್ದಳು, ನಾನು ಎಲೆ ಕತ್ತರಿಸುತ್ತಾ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳುತ್ತಿದ್ದೆ. ಮಾರನೇ ದಿನ ಬ್ರಾಂಚಿಗೆ ಬೀಡಿ ಕೊಡದಿದ್ದರೆ ಅಕ್ಕಿ ಇಲ್ಲ. ಆ ಕಾಲದಲ್ಲಿ ಯಾರಾದರೂ ಕಲರ್ ಪ್ರಿಂಟ್ ತನ್ನಿ ಅಂದಿದ್ದರೆ ಅಮ್ಮ ತರುತ್ತಿದ್ದಳು, ತರದೆ ಇರುತ್ತಿರಲಿಲ್ಲ. ಹೇಗೆ ತರುತ್ತಿದ್ದಳು ಅಂತ ಯೋಚಿಸಿದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಈಗಲೂ ನನ್ನ ಕ್ಲಾಸಿನಲ್ಲಿ ಅಂಥ ಮನೆಗಳಿಂದ ಬರುವವರಿದ್ದಾರೆ. ಬೀಡಿ ಇರಲಿಕ್ಕಿಲ್ಲ, ಮಲ್ಪೆಯಲ್ಲಿ ಮೀನಿನ ಕೆಲಸ, ಮಣಿಪಾಲದಲ್ಲಿ ಕಟ್ಟಡ ಕೆಲಸ. ಅಪ್ಪ ಅಮ್ಮ ಮನೆಗೆ ಬರುವ ಹೊತ್ತಿಗೆ ಮಗು ನಿದ್ದೆ ಹೋಗಿರುತ್ತದೆ. ಅಲ್ಲಿ ಅಂಟಿಸುವವರು ಯಾರು?

ಹೋದ ತಿಂಗಳು ಸ್ಟಾಫ್‌ರೂಮಿನ ಗೋಡೆಗೆ ನಾನೇ ಒಂದು ಹಾಳೆ ಅಂಟಿಸಿದೆ. (ಹೌದು, ಚಾರ್ಟ್ ಶೀಟೇ. ನಗಬೇಡಿ.) ಆರು ದಿನ, ಮೂರು ಕ್ಲಾಸು, ದಿನಕ್ಕೆ ಎರಡೇ ವಿಷಯದ ಹೋಂವರ್ಕ್. ಭಾನುವಾರ ರಾತ್ರಿಯೊಳಗೆ ಗ್ರೂಪಿಗೆ ಹಾಕಬೇಕು, ಸೋಮವಾರ ಬೆಳಿಗ್ಗೆ ನಾನು ಅಲ್ಲಿ ಬರೆಯುತ್ತೇನೆ. ಹಿಂದಿಯವರು ಮರುಮಾತಿಲ್ಲದೆ ಒಪ್ಪಿದರು. ಕನ್ನಡದವರು ಕವನ ಕಂಠಪಾಠ ಹೋಂವರ್ಕ್ ಲೆಕ್ಕಕ್ಕೆ ಬರುವುದಿಲ್ಲ ಅಂತ ವಾದಿಸಿ ಸೋತರು. ಬುಧವಾರ ಯಾರದ್ದು ಅಂತ ಇಂಗ್ಲಿಷಿನವರಿಗೂ ಸಮಾಜದವರಿಗೂ ಇನ್ನೂ ತೀರ್ಮಾನ ಆಗಿಲ್ಲ, ಚಾ ಕುಡಿಯುವಾಗ ದಿನಾ ಅದೇ ಚರ್ಚೆ. ಆದರೂ ಏಳನೇ ಕ್ಲಾಸಿನ ಹೋಂವರ್ಕ್ ಡೈರಿಯಲ್ಲಿ ಈಗ ದಿನಕ್ಕೆ ಎರಡೇ ಸಾಲು ಇರುತ್ತದೆ. ಮಾಡದೆ ಬರುವವರ ಸಂಖ್ಯೆಯೂ ಕಡಿಮೆಯಾಗಿದೆ.

ಮುಂದಿನ ವಾರ ಎಂಟನೇ ಕ್ಲಾಸಿಗೆ ಶೇಕಡಾ, ರಿಯಾಯಿತಿ, ಬಡ್ಡಿ ಶುರು. ಸೋಮವಾರಕ್ಕೆ ಎರಡು ಲೆಕ್ಕ ಆರಿಸಿ ಆಯಿತು. ಗುರುವಾರಕ್ಕೆ ಒಳ್ಳೆಯದ್ದೊಂದು ಬೇಕು, ಮನೆಯಲ್ಲಿರುವ ಕರೆಂಟ್ ಬಿಲ್ಲೋ, ರೇಷನ್ ಚೀಟಿಯೋ ನೋಡಿ ಹತ್ತು ನಿಮಿಷದಲ್ಲಿ ಮಾಡುವಂಥದ್ದು. ಯಾರ ತಲೆಯಲ್ಲಾದರೂ ಇದ್ದರೆ ಕೆಳಗೆ ಬರೆಯಿರಿ. ಪಿಡಿಎಫ್ ಕಳಿಸಬೇಡಿ.