ಖೋಡದಿನ ದುರ್ಬೀನು, ಕುದಾಪುರದ ಗೋಡೆ

ವಿಜ್ಞಾನದ ದೊಡ್ಡ ಯೋಜನೆಯೊಂದು ಹಳ್ಳಿಯ ಪಕ್ಕದಲ್ಲಿ ಬಂದು ನೆಲೆಯೂರಿದಾಗ ಆ ಹಳ್ಳಿಯವರಿಗೆ ಏನು ಸಲ್ಲಬೇಕು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ರಸ್ತೆ, ನೌಕರಿ ಮತ್ತು ಭೂಮಿಯ ಪರಿಹಾರದ ಮಾತಾಡುತ್ತೇವೆ. ಬೇಲಿಯ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಅವರ ಮಾತಿನಲ್ಲೇ, ವರ್ಷಕ್ಕೊಮ್ಮೆಯಾದರೂ, ಅವರನ್ನು ಒಳಗೆ ಕರೆದು ತಿಳಿಸುವುದು ಕೂಡ ಆ ಸಲ್ಲಬೇಕಾದ್ದರಲ್ಲಿ ಸೇರಿದೆ ಎಂಬುದು ನಮಗೆ ಹೊಳೆಯುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಈಗ ಸಂಸಾರ ಹೂಡಿರುವ ಪುಣೆ ಸೀಮೆಗೂ ನಾನು ಹುಟ್ಟಿ ಬೆಳೆದ ಚಿತ್ರದುರ್ಗ ಸೀಮೆಗೂ ಇರುವ ಅಂತರ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಪುಣೆ–ನಾಶಿಕ್ ಹೆದ್ದಾರಿಯಲ್ಲಿ ನಾರಾಯಣಗಾಂವ್ ಎಂಬ ಪೇಟೆಯಿದೆ. ಮಹಾರಾಷ್ಟ್ರದವರಿಗೆ ಅದು ಟೊಮೆಟೊ ವ್ಯಾಪಾರಕ್ಕೂ ತಮಾಷಾ ಎಂಬ ಜಾನಪದ ಆಟದ ತಂಡಗಳನ್ನು ಗೊತ್ತುಮಾಡಿಕೊಳ್ಳುವುದಕ್ಕೂ ಹೆಸರಾದ ಊರು. ಅಲ್ಲಿಂದ ಪೂರ್ವಕ್ಕೆ ತಿರುಗಿ ಹೊಲಗಳ ನಡುವೆ ಸ್ವಲ್ಪ ದೂರ ಹೋದರೆ ಖೋಡದ್ ಎಂಬ ಹಳ್ಳಿ, ಅದರ ಬಳಿ ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ. ಬಟ್ಟಲಿನಾಕಾರದ, ಒಂದೊಂದೂ 45 ಮೀಟರ್ ಅಗಲದ 30 ಆಂಟೆನಾಗಳಲ್ಲಿ 14 ನಡುವಿನ ಸುಮಾರು ಒಂದು ಚದರ ಕಿಲೋಮೀಟರಿನಲ್ಲಿವೆ. ಉಳಿದ 16 ಮೂರು ಕವಲುಗಳಾಗಿ 25 ಕಿಲೋಮೀಟರಿನವರೆಗೆ ಹರಡಿವೆ. ತಗಡಿನ ಬದಲು ತೆಳುವಾದ ಉಕ್ಕಿನ ತಂತಿಯ ಬಲೆಯನ್ನು ಹಗ್ಗದಂಥ ತಂತಿಗಳ ಮೇಲೆ ಬಿಗಿದು ಕಟ್ಟಿದ್ದರಿಂದ ಗಾಳಿ ಅದರ ಮೂಲಕ ಹಾದುಹೋಗುತ್ತದೆ, ತೂಕ ಕಡಿಮೆಯಾಗುತ್ತದೆ, ಖರ್ಚೂ ಇಳಿಯುತ್ತದೆ. ಇದು ಈ ದೂರದರ್ಶಕವನ್ನು ಕಟ್ಟಿದ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಮತ್ತು ಅವರ ಸಂಗಡಿಗರ ಚಾತುರ್ಯ. ಇತ್ತೀಚಿನ ವರ್ಷಗಳಲ್ಲಿ ಈ ದೂರದರ್ಶಕವನ್ನು ನವೀಕರಿಸಿ ಅದರ ಗ್ರಹಣಶಕ್ತಿಯನ್ನು ಬಹಳಷ್ಟು ಹೆಚ್ಚಿಸಲಾಗಿದೆ.

2023ರ ಜನವರಿಯಲ್ಲಿ ಪ್ರಕಟವಾದ ಸುದ್ದಿಯೊಂದನ್ನು ಇಲ್ಲಿ ನೆನೆಯಬೇಕು. ಜಲಜನಕದ ಪರಮಾಣು 21 ಸೆಂಟಿಮೀಟರ್ ತರಂಗಾಂತರದ ಅತಿ ಕ್ಷೀಣವಾದ ರೇಡಿಯೊ ಅಲೆಯನ್ನು ಹೊರಸೂಸುತ್ತದೆ. ಸುಮಾರು 880 ಕೋಟಿ ವರ್ಷಗಳ ಹಿಂದೆ ಒಂದು ಗೆಲಾಕ್ಸಿಯಿಂದ ಹೊರಟ ಅಂಥ ಅಲೆ, ವಿಶ್ವದ ಹಿಗ್ಗುವಿಕೆಯಿಂದಾಗಿ 48 ಸೆಂಟಿಮೀಟರಿಗೆ ಹಿಗ್ಗಿ ಖೋಡದಿನ ಬಟ್ಟಲುಗಳಲ್ಲಿ ಸೆರೆಸಿಕ್ಕಿತು. ದಾರಿಯ ನಡುವೆ ಇದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವವು ಮಸೂರದ ಕೆಲಸ ಮಾಡಿ ಸಂಕೇತವನ್ನು ಸುಮಾರು 30 ಪಟ್ಟು ಹಿಗ್ಗಿಸಿರದಿದ್ದರೆ ಅದು ಕೈಗೆಟುಕುತ್ತಿರಲಿಲ್ಲ. ಇದನ್ನು ಕಂಡವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್. ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು ಸುದ್ದಿ ಬಂತು: ಭಾರಿ ಕಾಯಗಳ ಚಲನೆಯಿಂದ ಎದ್ದು ದೇಶ–ಕಾಲವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಗುರುತ್ವ ಅಲೆಗಳಲ್ಲಿ, ಒಮ್ಮೆ ಏರಿಳಿಯಲು ವರ್ಷಗಳನ್ನೇ ತೆಗೆದುಕೊಳ್ಳುವಂಥವುಗಳ ಸುಳಿವು, ಗಡಿಯಾರದಂತೆ ಮಿಡಿಯುವ ಪಲ್ಸಾರ್ ನಕ್ಷತ್ರಗಳ ಮಿಡಿತದಲ್ಲಿನ ಅತಿ ಸಣ್ಣ ಏರುಪೇರಿನ ಮೂಲಕ ದೊರೆಯಿತು. ಯುರೋಪಿನ ದೂರದರ್ಶಕಗಳ 25 ವರ್ಷಗಳ ದಾಖಲೆಯ ಜೊತೆಗೆ ಖೋಡದಿನ ದಾಖಲೆಯೂ ಸೇರಿತ್ತು.

ಇಂಥ ಕ್ಷೀಣ ಸಂಕೇತಗಳನ್ನು ಹಿಡಿಯಬೇಕಾದರೆ ಸುತ್ತಮುತ್ತ ಮನುಷ್ಯರ ರೇಡಿಯೊ ಗದ್ದಲ ಇರಬಾರದು. ಆ ನಿಶ್ಶಬ್ದದ ಬೆಲೆಯನ್ನು ತೆರುವವರು ಖಗೋಳ ವಿಜ್ಞಾನಿಗಳಲ್ಲ, ಖೋಡದ್ ಸೇರಿರುವ ಜುನ್ನರ್ ತಾಲ್ಲೂಕಿನ ಜನ. ಅಲ್ಲಿ ಕಾರ್ಖಾನೆ ತೆರೆಯಲು ದೂರದರ್ಶಕದವರ ಒಪ್ಪಿಗೆಯೂ ಬೇಕಾಗುತ್ತದೆ. ಪುಣೆ–ನಾಶಿಕ್ ನಡುವಿನ ವೇಗದ ರೈಲು ನಾರಾಯಣಗಾಂವ್ ಮೂಲಕ ಹೋಗಬೇಕೆಂದಿದ್ದದ್ದು, ವಿದ್ಯುತ್ ರೈಲಿನ ಗದ್ದಲ ಅವಲೋಕನಕ್ಕೆ ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೆ ಮಾರ್ಗ ಬದಲಿಸಿಕೊಳ್ಳಬೇಕಾಗಿ ಬಂತು. ಬಾಗಿಲಿಗೆ ಬಂದ ರೈಲು ತಪ್ಪಿಹೋದ ಬೇಸರ ಅಲ್ಲಿನ ಟೊಮೆಟೊ ಬೆಳೆಗಾರರಿಗಿದೆ, ಅದು ನ್ಯಾಯವಾದ ಬೇಸರವೇ. ಆದ್ದರಿಂದ ಖೋಡದ್ ಸ್ವರ್ಗವೇನೂ ಅಲ್ಲ. ಆದರೆ ಏಕೆ ತಪ್ಪಿತು ಎಂದು ಕೇಳಿದರೆ ಕಾರಣವನ್ನು ವಿವರಿಸಬಲ್ಲ ಜನ ಆ ಊರಿನಲ್ಲೇ ಇದ್ದಾರೆ.

ಅದು ಹೇಗೆಂದು ತಿಳಿಯಬೇಕಾದರೆ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಅಲ್ಲಿಗೆ ಹೋಗಬೇಕು. ಗೇಟಿನಲ್ಲೇ ಮೊಬೈಲ್ ಆರಿಸಲು ಹೇಳುತ್ತಾರೆ. ಸುತ್ತಲಿನ ಶಾಲೆ ಕಾಲೇಜುಗಳ ಮಕ್ಕಳು ಮಾದರಿಗಳನ್ನು ಮೇಜಿನ ಮೇಲಿಟ್ಟುಕೊಂಡು ನಿಂತಿರುತ್ತಾರೆ. ತಲೆಗೆ ಗಾಂಧಿ ಟೋಪಿ ಹಾಕಿದ ರೈತರು, ಸೊಂಟದಲ್ಲಿ ಮಗುವನ್ನಿಟ್ಟುಕೊಂಡ ಹೆಂಗಸರು, ಟೆಂಪೊಗಳಲ್ಲಿ ಬಂದಿಳಿದ ಜಿಲ್ಲಾ ಪರಿಷತ್ ಶಾಲೆಯ ಮಕ್ಕಳು ಬಟ್ಟಲಿನ ಬುಡದವರೆಗೆ ನಡೆದು ಹೋಗಿ ತಲೆಯೆತ್ತಿ ನೋಡುತ್ತಾರೆ. ಒಮ್ಮೆ ನಾನು ಪಕ್ಕದಲ್ಲಿದ್ದಾಗ ವಯಸ್ಸಾದ ರೈತರೊಬ್ಬರು, ಈ ಯಂತ್ರಗಳು ಮೋಡವನ್ನು ಓಡಿಸುತ್ತವೆ ಎಂದು ನಮ್ಮ ಕಡೆ ಹೇಳುತ್ತಾರೆ, ಅದು ನಿಜವೇ ಎಂದು ನೇರವಾಗಿ ಕೇಳಿದರು. ವಿವರಿಸುತ್ತಿದ್ದ ಹುಡುಗಿ ನಗಲಿಲ್ಲ. “ಆಜೋಬಾ, ಹಾ ಕಾನ್ ಆಹೇ, ತೋಂಡ್ ನಾಹೀ” ಎಂದಳು. ಇದು ಕಿವಿ ಅಜ್ಜಾ, ಬಾಯಿಯಲ್ಲ. ಬಳಿಕ ಬಟ್ಟಲಿನ ನಾಭಿಯತ್ತ ಬೆರಳು ತೋರಿಸಿ, ಬರುವ ಅಲೆಗಳು ಅಲ್ಲಿ ಸೇರಿ ಕೇಬಲ್ ಮೂಲಕ ಒಳಗೆ ಹೋಗುತ್ತವೆಯೇ ಹೊರತು ಇಲ್ಲಿಂದ ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ ಎಂದು ವಿವರಿಸಿದಳು. ಅಜ್ಜ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಹಾಗಿದ್ದರೆ ಮೊಬೈಲ್ ಏಕೆ ಆರಿಸಬೇಕು ಎಂದು ಎರಡನೆಯ ಪ್ರಶ್ನೆ ಹಾಕಿದರು. ಅದು ಮೊದಲನೆಯದಕ್ಕಿಂತ ಒಳ್ಳೆಯ ಪ್ರಶ್ನೆ ಎಂಬುದನ್ನು ಓದುಗರು ಒಪ್ಪುತ್ತಾರೆ.

ಈಗ ನಮ್ಮ ಚಿತ್ರದುರ್ಗ ಸೀಮೆಯ ಚಳ್ಳಕೆರೆಗೆ ಬರುತ್ತೇನೆ. ಅಮೃತಮಹಲ್ ಕಾವಲು ಎಂದರೆ ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾದ ಹುಲ್ಲುಗಾವಲು. ಕುರಿ ಮತ್ತು ಕಂಬಳಿಯನ್ನು ನಂಬಿದ ಕುಟುಂಬಗಳ ಆಸರೆ. ಅದರ ಸಾವಿರಾರು ಎಕರೆಯನ್ನು ಕುದಾಪುರದ ಸುತ್ತ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಗೋಡೆ ಎದ್ದಾಗ ಜನ ವಿರೋಧಿಸಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಆ ವ್ಯಾಜ್ಯದ ಗುಣದೋಷಗಳನ್ನು ಇಲ್ಲಿ ತೂಗಲು ಹೋಗುವುದಿಲ್ಲ. ಗೋಡೆ ಎದ್ದ ಮೇಲೆ ಒಳಗಿನಿಂದ ಹೊರಕ್ಕೆ ಏನು ಬಂತು ಎಂಬುದಷ್ಟೇ ನನ್ನ ಪ್ರಶ್ನೆ.

ಒಳಗೆ ನಡೆದದ್ದು ಸಾಮಾನ್ಯ ಸಂಗತಿಯಲ್ಲ. ಅಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ನೆಲೆಯ ರನ್‌ವೇಯಲ್ಲಿ ಇಸ್ರೊ 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಮರುಬಳಕೆಯ ಉಡಾವಣಾ ವಾಹನದ ಇಳಿಕೆಯನ್ನು ಪರೀಕ್ಷಿಸಿತು. ರೆಕ್ಕೆಯುಳ್ಳ ಆ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ಕೈಯೂ ಇಲ್ಲದೆ ತಾನೇ ದಾರಿ ಲೆಕ್ಕ ಹಾಕಿ ರನ್‌ವೇಗೆ ಬಂದು, ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿ, ನಿಂತಿತು. ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳಲ್ಲಿ ಬೇಕೆಂದೇ ರನ್‌ವೇಯ ನೇರದಿಂದ ಪಕ್ಕಕ್ಕೆ ಬಿಟ್ಟು, ಅದು ತಿದ್ದಿಕೊಳ್ಳುತ್ತದೆಯೇ ಎಂದು ನೋಡಿದರು, ತಿದ್ದಿಕೊಂಡಿತು. ಕಕ್ಷೆಗೆ ಹೋದ ವಾಹನವನ್ನು ಹಿಂದಕ್ಕೆ ತಂದು ಮತ್ತೆ ಬಳಸುವ ವಿದ್ಯೆಯಲ್ಲಿ ಇದು ಕೊನೆಯ ಕೆಲವು ನಿಮಿಷಗಳ ಪಾಠ. ಕಕ್ಷೆಯಿಂದ ಇಳಿದು ಬರುವ ಕಠಿಣವಾದ ಭಾಗ ಇನ್ನೂ ಮುಂದಿದೆ.

ನಾಯಕನಹಟ್ಟಿಯ ಕಡೆ ಇರುವ ನಮ್ಮ ಭಾವ ಅಂಥದೊಂದು ಪರೀಕ್ಷೆಯ ಮರುದಿನ ಫೋನು ಮಾಡಿ, “ಹೆಲಿಕಾಪ್ಟರಿನಿಂದ ಏನೋ ಬಿಟ್ರಂತೆ ಕಣಪ್ಪಾ, ಅದು ತಾನೇ ಬಂದು ಇಳೀತಂತೆ. ಯಾತಕ್ಕಂತೆ?” ಎಂದು ಕೇಳಿದರು. ಬೆಳಗಿನ ಹೊತ್ತು ಹೆಲಿಕಾಪ್ಟರಿನ ಸದ್ದು ಕೇಳುವಷ್ಟು ಹತ್ತಿರದಲ್ಲಿರುವ ಮನುಷ್ಯ, ಪುಣೆಯಲ್ಲಿ ಕುಳಿತ ನನ್ನಿಂದ ಉತ್ತರ ಪಡೆಯಬೇಕಾಯಿತು. ನಾನಾದರೂ ಹೇಳಿದ್ದು ಇಸ್ರೊದ ಪ್ರಕಟಣೆಯಲ್ಲಿ ಓದಿದ್ದನ್ನೇ.

ರಕ್ಷಣಾ ನೆಲೆಯ ಬಾಗಿಲನ್ನು ಜನರಿಗೆ ತೆರೆಯಲಾಗದು ಎಂಬುದು ನನಗೆ ಗೊತ್ತಿದೆ, ತೆರೆಯಬೇಕೆಂದು ಕೇಳುವುದೂ ಇಲ್ಲ. ಆದರೆ ವಿಜ್ಞಾನ ಸಂಸ್ಥೆಯ ಆವರಣ ರಕ್ಷಣಾ ನೆಲೆಯಲ್ಲ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರವು ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ವರ್ಷಗಳಿಂದ ತರಬೇತಿ ಕೊಡುತ್ತಿದೆ. ಅದು ನಿಜಕ್ಕೂ ದೊಡ್ಡ ಕೆಲಸ, ನಾಡಿನಲ್ಲಿ ಅದಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಆದರೂ ಕುರಿ ಕಾಯುವವನಿಗೆ ಉತ್ತರ ಕೊಡುವುದು ಶಿಕ್ಷಕರಿಗೆ ಕಲಿಸುವುದಕ್ಕಿಂತ ಬೇರೆಯೇ ಕೆಲಸ. ಬೆಂಗಳೂರಿನಲ್ಲಿ ಇದೇ ಸಂಸ್ಥೆ ಪ್ರತಿವರ್ಷ ನಡೆಸುವ ತೆರೆದ ದಿನಕ್ಕೆ ಕಾಲಿಡಲಾಗದಷ್ಟು ಜನ ಸೇರುತ್ತಾರೆ. ನೆಹರೂ ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳಿವೆ. ಬೆಂಗಳೂರು ಬೆಂಗಳೂರಿಗೆ ಕೊಡುತ್ತಲೇ ಇದೆ. ಗೌರಿಬಿದನೂರಿನಲ್ಲಿ ಸೂರ್ಯನ ಹೊರಕವಚವನ್ನು ರೇಡಿಯೊ ಅಲೆಗಳಲ್ಲಿ ನೋಡುವ ಆಂಟೆನಾಗಳ ಸಾಲು ಬಹಳ ಕಾಲದಿಂದಿದೆ. ಆ ಊರಿನಿಂದ ಪುಣೆಗೆ ಬಂದ ಎಂಜಿನಿಯರ್ ಹುಡುಗರನ್ನು ನಾನು ವಿಚಾರಿಸಿದ್ದೇನೆ; ಅದನ್ನು ಕೇಳಿ ಬಲ್ಲವರು ಸಿಕ್ಕಿದರು, ನೋಡಿದವರು ಸಿಕ್ಕಲಿಲ್ಲ.

ಇದಕ್ಕೆ ಬರುವ ಸಿದ್ಧ ಉತ್ತರವೊಂದಿದೆ: ಬೆಂಗಳೂರಿನ ವಿಜ್ಞಾನಿಗಳು ಎಲ್ಲೆಲ್ಲಿಂದಲೋ ಬಂದವರು, ಅವರಿಗೆ ಕನ್ನಡ ಎಲ್ಲಿ ಬರಬೇಕು? ಖೋಡದಿನವರೂ ಎಲ್ಲೆಲ್ಲಿಂದಲೋ ಬಂದವರೇ. ಗೋವಿಂದ ಸ್ವರೂಪ್ ಉತ್ತರ ಪ್ರದೇಶದವರು. ಅಲ್ಲಿ ಬಂಗಾಳಿಗಳಿದ್ದಾರೆ, ಮಲಯಾಳಿಗಳಿದ್ದಾರೆ. ಮರಾಠಿ ಬಾರದವರ ಪಕ್ಕದಲ್ಲಿ ಬರುವವರನ್ನು ನಿಲ್ಲಿಸುವ ಏರ್ಪಾಡು ಮಾಡಿಕೊಂಡಿದ್ದಾರೆ, ಅಷ್ಟೇ.

ಇದರ ಹಿಂದೆ ಪುಣೆಯ ಒಂದು ಹಳೆಯ ರೂಢಿಯೂ ಇದೆ. 2025ರ ಮೇ 20ರಂದು ತೀರಿಕೊಂಡ ಜಯಂತ ನಾರಳೀಕರರು ಪುಣೆಯ ಆಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಖಭೌತ ವಿಜ್ಞಾನಿ; ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದರು, ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಹಸ್ತಾಕ್ಷರ ಕೇಳಿದ ಮಕ್ಕಳಿಗೆ, ಪೋಸ್ಟ್ ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿ, ಉತ್ತರದ ಕೆಳಗೆ ಸಹಿ ಹಾಕುತ್ತೇನೆ ಎನ್ನುತ್ತಿದ್ದರು. ಆಯುಕಾದ ಮಕ್ಕಳ ವಿಜ್ಞಾನ ಕೇಂದ್ರದ ಕಟ್ಟಡ ಎದ್ದದ್ದು ಮರಾಠಿಯ ಅಚ್ಚುಮೆಚ್ಚಿನ ಹಾಸ್ಯ ಲೇಖಕ ಪು. ಲ. ದೇಶಪಾಂಡೆಯವರ ಹೆಸರಿನ ಪ್ರತಿಷ್ಠಾನದ ನೆರವಿನಿಂದ. ಕನ್ನಡದ ವಿಜ್ಞಾನ ಬರವಣಿಗೆ ಇದಕ್ಕೆ ಕಡಿಮೆಯಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ವಿಜ್ಞಾನ ಕೋಶದ ಸಂಪುಟಗಳನ್ನು ಬರೆದರು, ಜಿ. ಟಿ. ನಾರಾಯಣರಾವ್ ಮತ್ತು ಜೆ. ಆರ್. ಲಕ್ಷ್ಮಣರಾವ್ ಅವರಂಥ ಮೇಷ್ಟ್ರುಗಳು ಎರಡು ಮೂರು ತಲೆಮಾರಿನ ಓದುಗರನ್ನು ಬೆಳೆಸಿದರು. ಆದರೆ ಅವರಲ್ಲಿ ಹೆಚ್ಚಿನವರು ಪ್ರಯೋಗಾಲಯದ ಹೊರಗೆ ನಿಂತು ಬರೆದವರು. ಒಳಗಿರುವವರು ಕನ್ನಡದಲ್ಲಿ ಬಾಯಿ ಬಿಡುವುದು ನಮ್ಮಲ್ಲಿ ವಿರಳ.

ನಾವು ಹೊರನಾಡಿನವರೂ ಇದರಲ್ಲಿ ದೂರ ಉಳಿದಿದ್ದೇವೆ. ಸೂರ್ಯನನ್ನು ಅಭ್ಯಸಿಸುವ ಆದಿತ್ಯ ಎಲ್1 ನೌಕೆಯಲ್ಲಿ, ಸೂರ್ಯನ ಹೊರಕವಚವನ್ನು ನೋಡುವ ಕರೋನಾಗ್ರಾಫ್ ಉಪಕರಣವನ್ನು ಸಜ್ಜುಗೊಳಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ. ಅದೇ ನೌಕೆಯಲ್ಲಿ ಸೂರ್ಯನನ್ನು ನೇರಳಾತೀತ ಬೆಳಕಿನಲ್ಲಿ ನೋಡುವ ದೂರದರ್ಶಕ ರೂಪುಗೊಂಡದ್ದು ಪುಣೆಯ ಆಯುಕಾದಲ್ಲಿ. ಒಂದೇ ನೌಕೆಯ ಮೇಲೆ ನಮ್ಮ ಎರಡು ಊರುಗಳಿವೆ. 2024ರ ಜನವರಿ 6ರಂದು ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಸ್ಥಾನ ಸೇರಿದ ಮೇಲೂ, ಪುಣೆಯ ಕನ್ನಡಿಗರ ರಾಜ್ಯೋತ್ಸವದಲ್ಲಿ ನಾನು ಕೇಳಿದ್ದು ಭಾವಗೀತೆ, ನೋಡಿದ್ದು ಕೋಲಾಟ. ಅವು ಬೇಡವೆಂದಲ್ಲ, ಕೋಲಾಟದಲ್ಲಿ ನಾನೂ ಇದ್ದೆ. ಇಲ್ಲಿನ ಪ್ರಯೋಗಾಲಯಗಳಲ್ಲಿ ದುಡಿಯುವ ಧಾರವಾಡ, ಉಡುಪಿ, ಮೈಸೂರಿನ ಹುಡುಗ ಹುಡುಗಿಯರನ್ನು ಅರ್ಧ ಗಂಟೆ ಮಾತಾಡಿ ಎಂದು ಕರೆಯಲು ನಮಗೆ ತೋಚಲಿಲ್ಲ.

ಮುಂದಿನ ಅವಕಾಶ ಹಿಂಗೋಲಿಯಲ್ಲಿದೆ. ಮರಾಠವಾಡದ ಔಂಢಾ ನಾಗನಾಥ ತಾಲ್ಲೂಕಿನಲ್ಲಿ ಲೈಗೊ–ಇಂಡಿಯಾ ಎಂಬ ಗುರುತ್ವ ಅಲೆಗಳ ವೀಕ್ಷಣಾಲಯಕ್ಕೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿದೆ. ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳು, ಒಳಗೆ ನಿರ್ವಾತ, ಅದರಲ್ಲಿ ಓಡುವ ಲೇಸರ್. ದೂರದಲ್ಲೆಲ್ಲೋ ಎರಡು ಕಪ್ಪುಕುಳಿಗಳು ಢಿಕ್ಕಿ ಹೊಡೆದರೆ ತೋಳುಗಳ ಉದ್ದದಲ್ಲಿ ಪರಮಾಣುವಿನೊಳಗಿನ ಪ್ರೋಟಾನ್ ಕಣದ ಅಗಲದ ಸಾವಿರದಲ್ಲೊಂದು ಭಾಗದಷ್ಟು ವ್ಯತ್ಯಾಸ ಆಗುವುದನ್ನು ಅದು ಅಳೆಯಬೇಕು. ಅಲ್ಲಿನ ರೈತರಿಗೂ ಮೋಡದ ಪ್ರಶ್ನೆ, ರೈಲಿನ ಪ್ರಶ್ನೆ, ಟ್ರ್ಯಾಕ್ಟರಿನ ಅದುರಿನ ಪ್ರಶ್ನೆ ಬಂದೇ ಬರುತ್ತವೆ. ಪುಣೆಯವರು ಮರಾಠಿಯಲ್ಲಿ ಉತ್ತರ ಹೇಳುತ್ತಾರೆಂಬ ನಂಬಿಕೆ ನನಗಿದೆ. ಮರಾಠವಾಡದ ಮಗ್ಗುಲಲ್ಲೇ ನಮ್ಮ ಬೀದರ್ ಜಿಲ್ಲೆಯಿದೆ. ಔರಾದ್, ಭಾಲ್ಕಿಯ ಶಾಲೆಗಳ ಮಕ್ಕಳು ನಾಗನಾಥನ ದರ್ಶನಕ್ಕೆ ಹೋದಾಗ ಆ ತೋಳುಗಳನ್ನೂ ನೋಡಿಬರಬಹುದು. ಅಲ್ಲಿ ಕನ್ನಡದಲ್ಲಿ ವಿವರಿಸುವ ಒಬ್ಬರನ್ನು ಒದಗಿಸುವ ಹೊಣೆಯನ್ನು ಪುಣೆಯ ಕನ್ನಡಿಗರು ಈಗಲೇ ಕೇಳಿ ಪಡೆಯಬೇಕು. ಚಳ್ಳಕೆರೆಯ ಆವರಣಕ್ಕೂ ಬರುವ ಫೆಬ್ರವರಿ 28ಕ್ಕೆ ಗೇಟು ತೆರೆಯಿರಿ, ನಾಯಕನಹಟ್ಟಿಯಿಂದ ಒಂದು ಬಸ್ಸು ಬಿಡಿಸಿ ಎಂದು ಕೇಳುವ ಪತ್ರವನ್ನು ನಾನು ಬರೆಯುತ್ತಿದ್ದೇನೆ. ಸಹಿ ಹಾಕಲು ಭಾವ ಮೊದಲೇ ಒಪ್ಪಿದ್ದಾರೆ.